ಉದ್ಯಾನ ಬೇಕು, ಆದರೆ ಯಾರ ಮನೆ ಕೆಡವಿ?

ಕಳೆದ ತಿಂಗಳ ಒಂದು ರವಿವಾರ ಬೆಳಿಗ್ಗೆ ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯವರು ಒಂದು ಮನವಿ ಪತ್ರ ಹಿಡಿದುಕೊಂಡು ಮನೆಗೆ ಬಂದರು. ಪಕ್ಕದಲ್ಲಿರುವ ಮಹಾನಗರ ಪಾಲಿಕೆಯ ಉದ್ಯಾನವನ್ನು ವಿಸ್ತರಿಸಬೇಕು, ಅದಕ್ಕಾಗಿ ಉದ್ಯಾನದ ಹಿಂಬದಿಯಲ್ಲಿರುವ ಚಾಳ್‌ಗಳನ್ನು ಕೂಡಲೇ ತೆರವುಗೊಳಿಸಬೇಕು ಎಂದು ವಾರ್ಡ್ ಕಚೇರಿಗೆ ಬರೆದ ಪತ್ರವದು. ಆ ಜಾಗ ಅಭಿವೃದ್ಧಿ ಯೋಜನೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಮೀಸಲಾಗಿದೆ ಎಂಬುದು ಪತ್ರದ ಮುಖ್ಯ ವಾದ. ಕೆಳಗೆ ಆಗಲೇ ನಲ್ವತ್ತಕ್ಕೂ ಹೆಚ್ಚು ಸಹಿಗಳಿದ್ದವು. ಅದರಲ್ಲಿ ನಮ್ಮ ತುಳು-ಕನ್ನಡಿಗ ಬಂಧುಗಳ ಸಹಿಗಳೂ ಇದ್ದವು. ದಿನವೂ ಬೆಳಿಗ್ಗೆ ಆರು ಗಂಟೆಗೆ ನನ್ನೊಂದಿಗೇ ಆ ಉದ್ಯಾನದಲ್ಲಿ ನಡೆಯುವವರು ಅವರು.

ನಾನು ಸಹಿ ಹಾಕಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದೆ. ಕಾರ್ಯದರ್ಶಿಯವರಿಗೆ ಆಶ್ಚರ್ಯವಾಯಿತು. "ಇದರಲ್ಲಿ ಯೋಚಿಸುವುದೇನುಂಟು ಮಾರಾಯ್ರೆ? ಗಾರ್ಡನ್ ಯಾರಿಗೆ ಬೇಡ?" ಎಂದರು. ಅವರು ಕೇಳಿದ ಪ್ರಶ್ನೆ ಸರಿಯಾದುದೇ. ಅದಕ್ಕೆ ಉತ್ತರವಾಗಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಉದ್ಯಾನದ ಹಿಂದಿರುವುದು ಸುಮಾರು ಅರುವತ್ತು ಎಪ್ಪತ್ತು ಖೋಲಿಗಳು. ಅಲ್ಲಿ ಇರುವವರು ಯಾರು ಎಂದು ನನಗೆ ನನ್ನ ಬ್ಯಾಂಕಿನ ಕೌಂಟರಿನಲ್ಲಿ ಕುಳಿತಲ್ಲಿಂದಲೇ ಗೊತ್ತು. ನಮ್ಮ ಕಟ್ಟಡಗಳ ಮನೆಗೆಲಸಕ್ಕೆ ಬರುವ ಹೆಂಗಸರು, ವಾಚ್‌ಮನ್‌ಗಳು, ರಿಕ್ಷಾ ಚಾಲಕರು, ಹೊಟೇಲಿನ ಮಾಣಿಗಳು, ಕಲಬುರಗಿ, ವಿಜಯಪುರ, ರಾಯಚೂರು ಕಡೆಯಿಂದ ಬಂದು ಈ ಉಪನಗರದ ಕಟ್ಟಡಗಳಿಗೆ ಗಾರೆ ಹೊತ್ತವರು. ಮನವಿ ಪತ್ರದ ಸುದ್ದಿ ಅಲ್ಲಿಗೂ ತಲುಪಿತ್ತು. ಮರುದಿನವೇ ಕಲಬುರಗಿ ಕಡೆಯ ಒಬ್ಬ ಹಿರಿಯ ಹೆಂಗಸು ಪಾಸ್‌ಬುಕ್ ಹಿಡಿದು ಕೌಂಟರಿಗೆ ಬಂದರು. ನಾನು ಕನ್ನಡಿಗನೆಂದು ಅವರಿಗೆ ಗೊತ್ತು. "ಸಾಹೇಬ್ರ, ಈ ಪುಸ್ತಕದಾಗಿನ ಅಡ್ರೆಸ್ಸಿನ ಮನಿ ಒಡದ್ರ ನನ್ನ ಖಾತಿ ಇರ್ತದೋ, ಹೋಗ್ತದೋ?" ಎಂದು ಕೇಳಿದರು. "ಖಾತೆ ಎಲ್ಲಿಗೂ ಹೋಗುವುದಿಲ್ಲ ಅಕ್ಕ, ಹೊಸ ವಿಳಾಸದ ಕಾಗದ ತಂದು ಕೊಟ್ಟರೆ ಬದಲಾಯಿಸಿ ಕೊಡುತ್ತೇವೆ" ಎಂದೆ. ಅವರು ಸಮಾಧಾನಪಟ್ಟು ಹೊರಟರು. ಮನೆಯ ವಿಚಾರ ನನ್ನಲ್ಲಿ ಕೇಳಲಿಲ್ಲ. ಅದನ್ನು ಕೇಳುವ ಕೌಂಟರ್ ಯಾವುದೆಂದು ಅವರಿಗೂ ಗೊತ್ತಿಲ್ಲ, ನಿಜ ಹೇಳುವುದಾದರೆ ನನಗೂ ಗೊತ್ತಿರಲಿಲ್ಲ.

ನನ್ನ ಕತೆಯನ್ನೂ ಇಲ್ಲಿ ಹೇಳಬೇಕು, ಮುಚ್ಚಿಟ್ಟರೆ ಅಪ್ರಾಮಾಣಿಕನಾಗುತ್ತೇನೆ. ನಾನು ಊರಿನಿಂದ ಬಂದಾಗ ಹದಿನಾರು ವರ್ಷ. ಮೊದಲೆರಡು ವರ್ಷ ಹೊಟೇಲಿನ ಮಾಳಿಗೆಯಲ್ಲಿ ಮಲಗಿದೆ. ರಾತ್ರಿ ಶಾಲೆ ಮುಗಿಸಿ ಸಂಜೆ ಕಾಲೇಜಿಗೆ ಸೇರಿದ ಮೇಲೆ ನಾಲ್ವರು ಗೆಳೆಯರು ಸೇರಿ ಒಂದು ಚಾಳ್‌ನಲ್ಲಿ ಖೋಲಿ ಬಾಡಿಗೆಗೆ ಹಿಡಿದೆವು. ಆ ಚಾಳ್ ಅಧಿಕೃತವೋ ಅನಧಿಕೃತವೋ ಎಂದು ನಾವು ಯಾರೂ ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಅನಧಿಕೃತ ಎಂದೇ ಉತ್ತರ ಸಿಗುತ್ತಿತ್ತು. ಹೊರಗಿನ ನಳದ ಬಳಿ ಸಾಲು ನಿಂತು ನೀರು ಹಿಡಿದು, ಒಂದೇ ಬಲ್ಬಿನ ಬೆಳಕಿನಲ್ಲಿ ಅಕೌಂಟೆನ್ಸಿ ಕಲಿತು ಬಿ.ಕಾಂ. ಪಾಸಾದೆ. ಬ್ಯಾಂಕಿನ ನೇಮಕಾತಿ ಪತ್ರ ಅಂಚೆಯಲ್ಲಿ ಬಂದದ್ದು ಅದೇ ಖೋಲಿಯ ವಿಳಾಸಕ್ಕೆ. ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿದ್ದ ಆ ತಿಂಗಳುಗಳಲ್ಲಿ ಯಾರಾದರೂ ಉದ್ಯಾನಕ್ಕಾಗಿ ಆ ಚಾಳ್ ಕೆಡವಿದ್ದರೆ ಆ ಪತ್ರ ಅಂಚೆ ಕಚೇರಿಗೆ ಹಿಂದಿರುಗುತ್ತಿತ್ತು. ಈ ಮಹಾನಗರದಲ್ಲಿ ಇಂದು ಸ್ವಂತ ಫ್ಲ್ಯಾಟಿನಲ್ಲಿರುವ ನಮ್ಮವರಲ್ಲಿ ಬಹಳಷ್ಟು ಮಂದಿಗೆ ಇಂಥದೇ ಒಂದು ಹಳೆಯ ವಿಳಾಸ ಇದೆ.

ಇದರರ್ಥ ಉದ್ಯಾನ ಬೇಡವೆಂದಲ್ಲ. ಮುಂಬಯಿಯಲ್ಲಿ ಮಕ್ಕಳಿಗೆ ಆಡಲು, ವೃದ್ಧರಿಗೆ ಕುಳಿತುಕೊಳ್ಳಲು ಜಾಗವಿಲ್ಲ. ಕೇಂದ್ರ ಸರಕಾರ 2014ರಲ್ಲಿ ಹೊರಡಿಸಿದ ನಗರ ಯೋಜನಾ ಮಾರ್ಗಸೂಚಿಯ ಪ್ರಕಾರ ತಲಾ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಬೇಕು. ಮುಂಬಯಿ ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಸಹಿ ಹಾಕಿದವರ ಆಸೆ ತಪ್ಪಲ್ಲ. ನನ್ನ ತಕರಾರು ಇರುವುದು ಆ ಆಸೆಯ ಬೆಲೆಯನ್ನು ಯಾರ ಖಾತೆಗೆ ಖರ್ಚು ಹಾಕುತ್ತಿದ್ದೇವೆ ಎಂಬುದರ ಬಗ್ಗೆ. ಲೆಕ್ಕಪತ್ರದಲ್ಲಿ ಒಂದು ಬದಿ ಬರೆದರೆ ಇನ್ನೊಂದು ಬದಿಯನ್ನೂ ಬರೆಯಬೇಕು. ಮನವಿ ಪತ್ರದಲ್ಲಿ ಗಿಡ, ಬೆಂಚು, ಕಾರಂಜಿ, ನಡಿಗೆಯ ಪಥ ಎಲ್ಲವೂ ಇತ್ತು. ಎಪ್ಪತ್ತು ಸಂಸಾರ ಎಲ್ಲಿಗೆ ಹೋಗಬೇಕು ಎಂಬ ಒಂದು ಸಾಲು ಇರಲಿಲ್ಲ.

ಹಸಿರಿಗಾಗಿ ಮನೆ ತೆರವುಗೊಳಿಸುವುದು ಹೇಗೆ ನಡೆಯುತ್ತದೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ನಮ್ಮ ಕಣ್ಣ ಮುಂದೆಯೇ ಇದೆ. ಸುಮಾರು 103 ಚದರ ಕಿಲೋಮೀಟರಿನ ಕಾಡು ಅದು. ವಿಹಾರ್ ಮತ್ತು ತುಳಸಿ ಕೆರೆಗಳು, ಕಾನ್ಹೇರಿ ಗುಹೆಗಳು, ಚಿರತೆಗಳು ಎಲ್ಲವೂ ಅಲ್ಲಿವೆ. ಆ ಕಾಡು ಉಳಿಯಲೇಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಅದರ ಅಂಚಿನಲ್ಲಿ ಬೆಳೆದ ಜೋಪಡಿಗಳನ್ನು ತೆಗೆಯಬೇಕೆಂದು ಬಾಂಬೆ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್ 1995ರಲ್ಲಿ ಮುಂಬಯಿ ಹೈಕೋರ್ಟಿಗೆ ಹೋಯಿತು. 1997ರ ಮೇ ತಿಂಗಳಲ್ಲಿ ತೆರವಿಗೆ ಆದೇಶವಾಯಿತು. 1995ರ ಜನವರಿ 1ಕ್ಕೆ ಮುಂಚಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು 7,000 ರೂಪಾಯಿ ಕಟ್ಟಿದರೆ ಬದಲಿ ವಸತಿ ಎಂದಾಯಿತು. ಮೊದಲು ಕಲ್ಯಾಣದ ಕಡೆ ಜಾಗ ತೋರಿಸಿದರು, ಆಮೇಲೆ ಚಾಂದಿವಲಿಯಲ್ಲಿ ಕಟ್ಟಡಗಳು ಎದ್ದವು. ಈ ನಡುವೆ ಸಾವಿರಾರು ಜೋಪಡಿಗಳು ನೆಲಸಮವಾಗಿದ್ದವು. ಕೆಲವರಿಗೆ ಚಾಂದಿವಲಿಯಲ್ಲಿ ಮನೆ ಸಿಕ್ಕಿತು. ಆದರೆ ಹಣ ಕಟ್ಟಿ ರಸೀದಿ ಇಟ್ಟುಕೊಂಡೂ ಮನೆ ಸಿಗದವರು ಎರಡೂವರೆ ದಶಕದ ಬಳಿಕವೂ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಉದ್ದೇಶ ಅಷ್ಟು ಒಳ್ಳೆಯದಾಗಿದ್ದ ಕಡೆಯೇ ಹೀಗಾಯಿತು ಎಂಬುದನ್ನು ಗಮನಿಸಬೇಕು. ಅಲ್ಲಿ ಪ್ರಶ್ನೆ ಇದ್ದದ್ದು ಇಡೀ ನಗರದ ನೀರು ಮತ್ತು ಗಾಳಿಯದ್ದು. ನಮ್ಮಲ್ಲಿರುವುದು ಒಂದು ನಡಿಗೆಯ ಪಥ ಮತ್ತು ಕಾರಂಜಿಯದ್ದು. ಅಂಥ ದೊಡ್ಡ ಕೆಲಸದಲ್ಲೂ ಮೊದಲು ಕೆಡವಿ ಆಮೇಲೆ ಮನೆ ಹುಡುಕಿದ್ದರಿಂದ ಒಂದು ತಲೆಮಾರು ಹಾಳಾಯಿತು. ಅದೇ ಕ್ರಮವನ್ನು ಚಿಕ್ಕ ಉದ್ಯಾನಕ್ಕೆ ಅನುಸರಿಸುವುದು ಯಾವ ನ್ಯಾಯ?

ಇನ್ನೊಂದು ಕತೆ ಗಿರಣಿಗಳದ್ದು. ಲಾಲ್‌ಬಾಗ್, ಪರೇಲ್, ವರ್ಲಿಯ ಬಟ್ಟೆ ಗಿರಣಿಗಳ ಜಾಗದಲ್ಲಿ ಹಿಂದೆ ನಮ್ಮವರು ಕ್ಯಾಂಟೀನು, ಹೊಟೇಲು ನಡೆಸಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಗಿರಣಿಗಳು ಮುಚ್ಚಿದ ಮೇಲೆ ಆ ಜಮೀನು ಏನಾಗಬೇಕು ಎಂದು 1991ರಲ್ಲಿ ಒಂದು ನಿಯಮ ಬಂತು. ಸ್ಥೂಲವಾಗಿ ಮೂರರಲ್ಲೊಂದು ಪಾಲು ನಗರಕ್ಕೆ ತೆರೆದ ಜಾಗ, ಒಂದು ಪಾಲು ಸಾರ್ವಜನಿಕ ವಸತಿ, ಉಳಿದದ್ದು ಮಾಲಕರಿಗೆ ಎಂಬುದು ಅದರ ತಿರುಳು. 2001ರಲ್ಲಿ ಆ ನಿಯಮವನ್ನು ತಿದ್ದಿದರು. ಗಿರಣಿಯ ಕಟ್ಟಡವಿದ್ದ ನೆಲವನ್ನು ಬಿಟ್ಟು, ಖಾಲಿ ಇದ್ದ ಜಾಗವನ್ನು ಮಾತ್ರ ಪಾಲು ಮಾಡಬೇಕೆಂದಾಯಿತು. ನಗರಕ್ಕೆ ಬರಬೇಕಿದ್ದ ಉದ್ಯಾನ ಬಹಳಷ್ಟು ಕುಗ್ಗಿ ಹೋಯಿತು. ಬೊರಿವಲಿಯ ಕಾಡಿಗಾಗಿ ಕೋರ್ಟಿಗೆ ಹೋಗಿದ್ದ ಅದೇ ಸಂಸ್ಥೆ ಇದರ ವಿರುದ್ಧವೂ ಹೋರಾಡಿತು, 2005ರಲ್ಲಿ ಹೈಕೋರ್ಟಿನಲ್ಲಿ ಗೆದ್ದಿತು, ಆದರೆ 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಇಂದು ಅಲ್ಲಿ ಮಾಲ್‌ಗಳೂ ಗೋಪುರಗಳೂ ನಿಂತಿವೆ.

ಎರಡು ಪ್ರಕರಣಗಳನ್ನು ಪಕ್ಕ ಪಕ್ಕದಲ್ಲಿಟ್ಟು ನೋಡಿ. ಹಸಿರಿನ ಪರವಾಗಿ ವಾದಿಸಿದ್ದು ಅದೇ ಸಂಸ್ಥೆ. ಎದುರಿಗೆ ಜೋಪಡಿ ಇದ್ದಾಗ ಗೆಲುವಾಯಿತು, ಎದುರಿಗೆ ಗಿರಣಿ ಮಾಲಕರಿದ್ದಾಗ ಸೋಲಾಯಿತು. ಸಂಸ್ಥೆಯನ್ನು ನಾನು ದೂರುವುದಿಲ್ಲ, ಅದು ಎರಡೂ ಕಡೆ ಹೋರಾಡಿತು. ನಾನು ಹೇಳುವುದಿಷ್ಟೇ: ಈ ನಗರ ತನ್ನ ಉದ್ಯಾನಗಳನ್ನು ಕಳೆದುಕೊಂಡದ್ದು ಒಂದು ಕಡೆ, ಅದನ್ನು ವಸೂಲಿ ಮಾಡಲು ಹೊರಟಿರುವುದು ಇನ್ನೊಂದು ಕಡೆ. ಸಾಲ ತೆಗೆದವನೊಬ್ಬ, ನೋಟೀಸು ಹೋಗುವುದು ಇನ್ನೊಬ್ಬನಿಗೆ.

ಇದು ಮುಂಬಯಿಯ ಕತೆ ಮಾತ್ರವಲ್ಲ. ದಿಲ್ಲಿಯ ಯಮುನಾ ಪುಷ್ತಾದ ಬಸ್ತಿಗಳನ್ನು 2004ರಲ್ಲಿ ತೆರವುಗೊಳಿಸಿದಾಗಲೂ ನದಿ ತೀರ ಸ್ವಚ್ಛ ಹಸಿರಾಗಬೇಕು ಎಂಬ ಮಾತೇ ಮುಂದಿತ್ತು. ಬದಲಿ ಜಾಗ ಸಿಕ್ಕಿದವರಲ್ಲಿ ಅನೇಕರು ನಗರದ ಅಂಚಿನ ಬವಾನಾಕ್ಕೆ ಹೋದರು, ಕೆಲಸವಿದ್ದದ್ದು ನಗರದ ನಡುವೆ. ಅದೇ ಯಮುನೆಯ ಬದಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ಕ್ರೀಡಾಗ್ರಾಮದ ಕಟ್ಟಡಗಳು ಎದ್ದವು.

ನಮ್ಮ ಸೊಸೈಟಿಯಲ್ಲಿ ಈ ಕುರಿತು ಮಾತನಾಡಿದಾಗ ಮೂರು ಆಕ್ಷೇಪಗಳು ಬಂದವು. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಅವರು ಅತಿಕ್ರಮಣದಾರರು, ಕಾನೂನು ಮುರಿದವರು ಎಂಬುದು. ಕಾನೂನು ಏನೆನ್ನುತ್ತದೆಂದು ನೋಡಿದರೆ ವಿಷಯ ಅಷ್ಟು ಸರಳವಲ್ಲ. 1981ರಲ್ಲಿ ಫುಟ್‌ಪಾತ್‌ವಾಸಿಗಳನ್ನು ಹೊರಹಾಕುವ ಪ್ರಯತ್ನ ನಡೆದಾಗ ಹುಟ್ಟಿದ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲಿ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ತೆರವು ಮಾಡಲೇಬಾರದು ಎಂದು ಹೇಳಲಿಲ್ಲ, ಆದರೆ ನ್ಯಾಯಯುತ ಕ್ರಮವಿಲ್ಲದೆ ಮಾಡಬಾರದು ಎಂದಿತು. ಮಹಾರಾಷ್ಟ್ರ ಸರಕಾರದ ನಿಯಮಗಳೇ 2000ದ ಜನವರಿ 1ಕ್ಕೆ ಮುಂಚಿನ ಜೋಪಡಿವಾಸಿಗಳಿಗೆ ಉಚಿತ ಪುನರ್ವಸತಿಯನ್ನೂ, ಆ ಬಳಿಕ 2011ರ ಜನವರಿ 1ರ ತನಕ ಬಂದವರಿಗೆ ಹಣ ಕಟ್ಟಿ ಪಡೆಯುವ ಪುನರ್ವಸತಿಯನ್ನೂ ಒಪ್ಪಿವೆ. ಈ ಹಣವನ್ನು 2023ರಲ್ಲಿ ಎರಡೂವರೆ ಲಕ್ಷ ರೂಪಾಯಿ ಎಂದು ನಿಗದಿ ಮಾಡಲಾಯಿತು. ಹಾಗಿರುವಾಗ ಮೂವತ್ತು ವರ್ಷದಿಂದ ವಿದ್ಯುತ್ ಬಿಲ್ಲು ಕಟ್ಟಿ, ಮತ ಹಾಕಿ, ರೇಶನ್ ಪಡೆದವರನ್ನು ಕಳ್ಳರಂತೆ ಕಾಣುವುದು ಕಾನೂನಲ್ಲ.

ಎರಡನೆಯದು, ಅವರಿಗೆ ಎಲ್ಲಾದರೂ ಮನೆ ಕೊಡುತ್ತಾರಲ್ಲ ಎಂಬುದು. ಎಲ್ಲಾದರೂ ಎಂದರೆ ಎಲ್ಲಿ? ತಾನ್ಸಾ ನೀರಿನ ಕೊಳವೆ ಮಾರ್ಗದ ಬದಿಯಿಂದ ಎಬ್ಬಿಸಿದ ಕುಟುಂಬಗಳನ್ನು ಮಾಹುಲ್‌ಗೆ ಕಳುಹಿಸಿದರು. ಕೊಳವೆಯ ಬದಿಯಲ್ಲಿ ಸೈಕಲ್ ಪಥದ ಯೋಜನೆ ಬಂತು, ಜನ ಹೋದದ್ದು ತೈಲ ಶುದ್ಧೀಕರಣ ಘಟಕ ಮತ್ತು ರಾಸಾಯನಿಕ ಕಾರ್ಖಾನೆಗಳ ಮಗ್ಗುಲಿಗೆ. ಆ ಪ್ರದೇಶದ ಗಾಳಿ ಆರೋಗ್ಯಕ್ಕೆ ಅಪಾಯವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. ಕೊನೆಗೆ 2019ರಲ್ಲಿ ಹೈಕೋರ್ಟ್ ಯಾರನ್ನೂ ಬಲವಂತದಿಂದ ಅಲ್ಲಿಗೆ ಕಳುಹಿಸಬಾರದು, ಬೇರೆ ಮನೆ ಕೊಡಲಾಗದಿದ್ದರೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಮತ್ತು 45,000 ರೂಪಾಯಿ ಡಿಪಾಸಿಟ್ ಕೊಡಬೇಕು ಎಂದು ಆದೇಶಿಸಿತು. ಮನೆಗೆಲಸದ ಹೆಂಗಸಿಗೆ ಮನೆ ಮತ್ತು ಕೆಲಸ ಬೇರೆ ಬೇರೆಯಲ್ಲ. ಇಲ್ಲಿ ನಾಲ್ಕು ಮನೆಯ ಕೆಲಸ ಮಾಡಿ ಮಧ್ಯಾಹ್ನ ಮಗುವಿಗೆ ಊಟ ಹಾಕಲು ಹತ್ತು ನಿಮಿಷದಲ್ಲಿ ಮನೆಗೆ ಹೋಗಿ ಬರುವವಳನ್ನು ಮೂವತ್ತು ಕಿಲೋಮೀಟರ್ ದೂರ ಇಟ್ಟರೆ ಆಕೆಯ ಸಂಬಳವೂ ಹೋಯಿತು, ಮಗುವಿನ ಶಾಲೆಯೂ ಹೋಯಿತು. ಸಹಿ ಹಾಕಿದ ಮನೆಗಳಲ್ಲಿ ಮರುದಿನ ಪಾತ್ರೆ ತೊಳೆಯಲು ಯಾರು ಬರುತ್ತಾರೆ ಎಂಬುದನ್ನೂ ಯೋಚಿಸಬೇಕಲ್ಲವೇ?

ಮೂರನೆಯದು, ಉಚಿತ ಮನೆ ಪಡೆದವರು ಮಾರಿಕೊಂಡು ಮತ್ತೆ ಜೋಪಡಿ ಕಟ್ಟುತ್ತಾರೆ ಎಂಬುದು. ಕೆಲವರು ಹಾಗೆ ಮಾಡಿದ್ದಾರೆ, ಇಲ್ಲವೆನ್ನುವುದಿಲ್ಲ. ನಮ್ಮ ಬ್ಯಾಂಕುಗಳಲ್ಲಿ ಸಾಲ ಪಡೆದು ಕಟ್ಟದವರೂ ಇದ್ದಾರೆ. ಅದಕ್ಕಾಗಿ ಸಾಲ ಕೊಡುವುದನ್ನೇ ನಿಲ್ಲಿಸಿಲ್ಲ, ತಪ್ಪಿದವನನ್ನು ಹಿಡಿಯುವ ವ್ಯವಸ್ಥೆ ಮಾಡಿದ್ದೇವೆ. ಇಲ್ಲಿಯೂ ಹಾಗೆಯೇ ಮಾಡಬಹುದು.

ಹಾಗಾದರೆ ದಾರಿ ಏನು? ದಾರಿ ನಿಯಮದಲ್ಲೇ ಇದೆ. ಮುಂಬಯಿಯ 2034ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯಲ್ಲಿ, ಉದ್ಯಾನ ಅಥವಾ ಆಟದ ಮೈದಾನಕ್ಕೆ ಮೀಸಲಿದ್ದು ಜೋಪಡಿಗಳಿಂದ ತುಂಬಿರುವ 500 ಚದರ ಮೀಟರಿಗಿಂತ ದೊಡ್ಡ ಜಾಗಗಳಿಗೆ ಒಂದು ಅವಕಾಶವಿದೆ. ಆ ಜಾಗದ ಕನಿಷ್ಠ ಶೇಕಡಾ 35ನ್ನು ಉದ್ಯಾನಕ್ಕೆ ಬಿಟ್ಟು, ಉಳಿದ ಭಾಗದಲ್ಲಿ ಅದೇ ನಿವಾಸಿಗಳಿಗೆ ಕಟ್ಟಡ ಕಟ್ಟಬಹುದು. ತೆರೆದ ಜಾಗಗಳ ಪರವಾಗಿ ಹೋರಾಡುವವರು ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋಗಿದ್ದರು. 2025ರ ಜೂನ್‌ನಲ್ಲಿ ಮುಂಬಯಿ ಹೈಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. ಪರಿಸರದ ಹಕ್ಕು, ಸೂರಿನ ಹಕ್ಕು ಎರಡನ್ನೂ ತೂಗಿ ನೋಡಬೇಕು ಎಂಬುದು ಅದರ ನಿಲುವು. ಈ ನಿಯಮ ಪರಿಪೂರ್ಣವೆಂದು ನಾನು ಹೇಳುವುದಿಲ್ಲ. ಬಿಲ್ಡರ್‌ನ ಎತ್ತರದ ಗೋಪುರಗಳ ನಡುವೆ ಆ ಶೇಕಡಾ 35 ಕಾಂಪೌಂಡಿನೊಳಗೆ ಸೇರಿ ಹೊರಗಿನವರಿಗೆ ಬಾಗಿಲು ಮುಚ್ಚುವ ಭಯವಿದೆ. ಹಾಗಾಗದಂತೆ ಕಾಯುವುದು ನಮ್ಮಂಥ ಅಕ್ಕಪಕ್ಕದವರ ಕೆಲಸ. ಅದಕ್ಕಾಗಿ ಸಹಿ ಸಂಗ್ರಹಿಸುವುದಾದರೆ ಮೊದಲ ಸಹಿ ನನ್ನದು.

ನಮ್ಮ ಕನ್ನಡ ಸಂಘ-ಸಂಸ್ಥೆಗಳಿಗೂ ಒಂದು ಮಾತು. ನಮ್ಮವರು ಈ ವಿಷಯದಲ್ಲಿ ಎರಡೂ ಬದಿಯಲ್ಲಿದ್ದಾರೆ. ಉದ್ಯಾನದಲ್ಲಿ ನಡೆಯುವವರೂ ನಮ್ಮವರು, ಅದರ ಹಿಂದಿನ ಖೋಲಿಯಲ್ಲಿ ಮಲಗುವವರೂ ನಮ್ಮವರು. ವಾರ್ಷಿಕೋತ್ಸವ, ಸನ್ಮಾನ, ಯಕ್ಷಗಾನ ಎಲ್ಲವೂ ನಡೆಯಲಿ, ಸಂತೋಷ. ಅದರೊಟ್ಟಿಗೆ ವರ್ಷಕ್ಕೊಂದು ರವಿವಾರ ಇಂಥ ಬಸ್ತಿಗಳಲ್ಲಿ ದಾಖಲೆಗಳ ಶಿಬಿರವೊಂದನ್ನು ನಡೆಸಿದರೆ ಹೇಗೆ? ಜೋಪಡಿಯ ಫೋಟೋ ಪಾಸ್, ಹಳೆಯ ವಿದ್ಯುತ್ ಬಿಲ್ಲು, ಮತದಾರರ ಪಟ್ಟಿಯ ಪುಟ, ರೇಶನ್ ಕಾರ್ಡು ಇವೇ ನಾಳೆ ಅರ್ಹತೆಯ ಪಟ್ಟಿಯಲ್ಲಿ ಹೆಸರು ಬರುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಕಾಗದಗಳು. ಅಕ್ಷರ ಬಾರದ ಅನೇಕರು ಅವನ್ನು ಮಳೆಗಾಲದಲ್ಲಿ ಒದ್ದೆ ಮಾಡಿಕೊಂಡೋ, ಏಜೆಂಟರ ಕೈಗೆ ಕೊಟ್ಟೋ ಕಳೆದುಕೊಳ್ಳುತ್ತಾರೆ. ಅರ್ಜಿ ತುಂಬಿಸಿ, ಝೆರಾಕ್ಸ್ ಮಾಡಿಸಿ, ಒಂದು ಫೈಲಿನಲ್ಲಿ ಜೋಡಿಸಿ ಕೊಡುವುದಕ್ಕೆ ವಕೀಲರೇ ಆಗಬೇಕೆಂದಿಲ್ಲ. ನನ್ನಂಥ ಗುಮಾಸ್ತರು ಸಾಕು. ರಾತ್ರಿ ಶಾಲೆಗಳನ್ನು ಕಟ್ಟಿ ನಮ್ಮನ್ನು ದಡ ಸೇರಿಸಿದ ಹಿರಿಯರ ಋಣ ತೀರಿಸಲು ಇದೂ ಒಂದು ದಾರಿ.

ಕಾರ್ಯದರ್ಶಿಯವರ ಪತ್ರಕ್ಕೆ ಸಹಿ ಹಾಕುವ ಬದಲು ನಾನೊಂದು ಬೇರೆ ಪತ್ರ ಬರೆದಿದ್ದೇನೆ. ಅದರಲ್ಲಿ ಮೂರೇ ಬೇಡಿಕೆಗಳಿವೆ. ಒಂದು, ಅಲ್ಲಿನ ಪ್ರತಿಯೊಂದು ಖೋಲಿಯ ಸಮೀಕ್ಷೆಯನ್ನು ನಿವಾಸಿಗಳ ಎದುರಿಗೇ ನಡೆಸಿ ಪಟ್ಟಿಯನ್ನು ಬಹಿರಂಗವಾಗಿ ಅಂಟಿಸಬೇಕು. ಎರಡು, ಬದಲಿ ಮನೆಯ ಬೀಗದ ಕೈ ಕೈಗೆ ಬರುವ ತನಕ ಒಂದು ಗೋಡೆಯನ್ನೂ ಮುಟ್ಟಬಾರದು, ಆ ಮನೆಯೂ ಇದೇ ಜಾಗದಲ್ಲಿ ಅಥವಾ ಇದೇ ವಾರ್ಡಿನಲ್ಲಿ ಇರಬೇಕು. ಮೂರು, ಉದ್ಯಾನಕ್ಕೆ ಸಿಗುವ ಭಾಗವನ್ನು ಪಾಲಿಕೆಯೇ ವಶಕ್ಕೆ ಪಡೆದು ಎಲ್ಲರಿಗೂ ತೆರೆದಿಡಬೇಕು. ಈವರೆಗೆ ಹನ್ನೊಂದು ಸಹಿಗಳಾಗಿವೆ. ಮೊದಲ ಪತ್ರಕ್ಕೆ ಸಹಿ ಹಾಕಿದ್ದ ನಾಲ್ವರು ಇದಕ್ಕೂ ಹಾಕಿದ್ದಾರೆ. ಒಬ್ಬರು ಮಾತ್ರ ಹಳೆಯದರಲ್ಲಿ ತಮ್ಮ ಹೆಸರನ್ನು ಹೊಡೆದು ಹಾಕಿಸಿಕೊಂಡು ಬಂದರು.

ಆ ಹಿರಿಯ ಹೆಂಗಸು ಕಳೆದ ವಾರ ಪಿಂಚಣಿಯ ಹಣ ಬಂತೇ ಎಂದು ನೋಡಲು ಮತ್ತೆ ಬಂದಿದ್ದರು. ಪತ್ರದ ವಿಚಾರ ಹೇಳಿದೆ. ಹೆಬ್ಬೆಟ್ಟು ಒತ್ತಿದರೆ ನಡೆಯುತ್ತದೆಯೇ ಎಂದು ಕೇಳಿದರು. ನಡೆಯುತ್ತದೆ ಎಂದೆ. ಹನ್ನೆರಡನೆಯದು ಅವರದು.